ಹಸಿ ಬಣ್ಣದ ಖರ್ಜೂರದ ಮರ

ಹೆದರುವವರಲ್ಲಿ ಎರಡು ಪಂಗಡವೆಂದು ನನ್ನ ಅಂದಾಜು. ಹೆದರುವಂಥದ್ದು ಎದುರಿಗೆ ಬಂದಾಗ ಹೆದರುವವರು ಒಂದು ಪಂಗಡ. ಬೆಳಗಿನಿಂದ ಹೆದರುವಂಥದ್ದು ಏನೂ ಆಗಲಿಲ್ಲವಲ್ಲ, ಹಾಗಾದರೆ ಏನೋ ಕಾದಿದೆ ಎಂದು ಹೆದರುವವರು ಇನ್ನೊಂದು. ನಾನು ಎರಡನೆಯದಕ್ಕೆ ಸೇರಿದವಳು, ಅದರಲ್ಲೂ ಹಿರಿಯ ಸದಸ್ಯೆ. ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಗ್ಯಾಸ್ ಆರಿಸಿದೆನೇ ಎಂದು ವಾಪಸು ಹತ್ತುತ್ತೇನೆ. ಆರಿಸಿದ್ದನ್ನು ನೋಡಿ ಇಳಿದ ಮೇಲೆ, ನೋಡುವ ಗಡಿಬಿಡಿಯಲ್ಲಿ ಕೈತಾಗಿ ಗುಂಡಿ ತಿರುಗಿತೇನೋ ಎಂದು ಇನ್ನೊಮ್ಮೆ ಹತ್ತುತ್ತೇನೆ. ಹೆದ್ದಾರಿಯಲ್ಲಿ ವೇಗ ಹಿಡಿಯುವ ಕ್ಯಾಮೆರಾ ಕಂಡರೆ ಸಾಕು, ಪಕ್ಕದ ಸೀಟಿನಲ್ಲಿರುವ ನಾನು ಉಸಿರು ಬಿಗಿಹಿಡಿದು ಮೈ ಹಗುರ ಮಾಡಿಕೊಳ್ಳುತ್ತೇನೆ, ಅಷ್ಟರಿಂದಲೇ ಕಾರು ನಿಧಾನವಾಗುತ್ತದೆ ಎಂಬ ಹಾಗೆ. ನನ್ನ ಗಂಡ ಇಲ್ಲಿ ಒಮಾನ್ ದೇಶದ ಸೊಹಾರಿನ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ವಿಭಾಗದವರು. ಕಾದು ಕೆಂಪಾದ ಕಬ್ಬಿಣದ ಪಕ್ಕ ನಿಂತು ಮಧ್ಯಾಹ್ನದ ಡಬ್ಬಿಯಲ್ಲಿ ಏನಿದ್ದೀತು ಎಂದು ಯೋಚಿಸುವಂಥ ಮನುಷ್ಯ. "ಗೀತಾ, ಹೆದರೋದಕ್ಕೆ ಸಂಬಳ ಕೊಡೋ ಕಂಪನಿ ಇದ್ದಿದ್ರೆ ನೀನು ಇಷ್ಟೊತ್ತಿಗೆ ಜನರಲ್ ಮ್ಯಾನೇಜರ್ ಆಗಿರ್ತಿದ್ದೆ" ಎನ್ನುತ್ತಾರೆ. ಅವರು ತಮಾಷೆಗೆ ಹೇಳುವುದು. ನನಗೆ ಮಾತ್ರ ಆ ಕಂಪನಿಯವರೂ ಕೆಲಸದಿಂದ ತೆಗೆದರೆ ಏನು ಗತಿ ಎನ್ನಿಸುತ್ತದೆ.

ಇಂಥವಳ ಮನೆಗೆ ಯಂತ್ರಗಳು ಬಂದದ್ದು ಮಗಳು ಮೇಘನಾಳ ದೆಸೆಯಿಂದ. ಅವಳಿಗೆ ಆಗ ಕರಕುಶಲದ ಹುಚ್ಚು. ಹುಟ್ಟುಹಬ್ಬಕ್ಕೆಂದು ಅಪ್ಪನಿಂದ ಒಂದು ಕತ್ತರಿಸುವ ಯಂತ್ರ ತರಿಸಿಕೊಂಡಳು. ನೋಡುವುದಕ್ಕೆ ಬ್ರೆಡ್ಡಿನ ಡಬ್ಬದಷ್ಟು ಸಾಧು. ಫೋನಿನಲ್ಲಿ ಚಿತ್ರ ಬರೆದು ಕಳಿಸಿದರೆ ಒಳಗಿರುವ ಸಣ್ಣ ಚೂರಿ ಟಿರ್ರ್ ಎಂದು ಓಡಾಡಿ ಅಂಟುಹಾಳೆಯನ್ನು ಅದೇ ಆಕಾರಕ್ಕೆ ಕತ್ತರಿಸುತ್ತದೆ. ಆ ಹಾಳೆಯನ್ನು ಚೌಕಟ್ಟಿಗೆ ಬಿಗಿದ ತೆಳುಬಲೆಗೆ ಅಂಟಿಸಿ, ಅಡಿಯಲ್ಲಿ ಬಟ್ಟೆ ಇಟ್ಟು, ಮೇಲೆ ಬಣ್ಣ ಸುರಿದು, ರಬ್ಬರಿನ ಅಂಚಿರುವ ಹಲಗೆಯಿಂದ ಒಮ್ಮೆ ಎಳೆದರೆ ಚಿತ್ರ ಬಟ್ಟೆಗೆ ಇಳಿಯುತ್ತದೆ. ಇದೇ ಸ್ಕ್ರೀನ್ ಪ್ರಿಂಟಿಂಗ್. ಮೇಘನಾ ಎರಡು ಟೀ ಶರ್ಟ್ ಮಾಡಿ, ಮೂರನೆಯದಕ್ಕೆ ಬೇಸತ್ತು, "ಅಮ್ಮಾ, ಇಟ್ಸ್ ಆಲ್ ಯುವರ್ಸ್" ಎಂದು ಗಿಟಾರಿನ ಕಡೆ ಹೋದಳು. ಊಟದ ಮೇಜಿನ ಅರ್ಧ ಭಾಗ ಆಕ್ರಮಿಸಿದ್ದ ಯಂತ್ರಕ್ಕೆ ನಾನೇ ವಾರಸುದಾರಳಾದೆ. ದಿನಾ ಅದರ ಪಕ್ಕ ಕೂತು ಬೀನ್ಸ್ ಹೆಚ್ಚುತ್ತ ಹೆಚ್ಚುತ್ತ ಪರಿಚಯವಾಯಿತು. ಹಲಗೆ ಎಳೆಯುವುದಂತೂ ಕಾವಲಿಯ ಮೇಲೆ ದೋಸೆ ಹಿಟ್ಟು ಎಳೆದ ಹಾಗೆಯೇ. ಕೈಯ ಒತ್ತಡ ಒಂದೇ ಸಮ ಇರಬೇಕು, ನಡುವೆ ನಿಲ್ಲಿಸಬಾರದು, ಎಳೆಯುವಾಗ ಯಾರೊಂದಿಗೂ ಮಾತಾಡಬಾರದು. ಇಷ್ಟು ವರ್ಷ ದೋಸೆ ಹುಯ್ದ ಕೈಗೆ ಅದೇನು ದೊಡ್ಡ ವಿದ್ಯೆಯಾಗಲಿಲ್ಲ.

ಆದರೆ ಆ ಪೆಟ್ಟಿಗೆಯ ಜೊತೆಗೆ ಇನ್ನೊಂದು ಬಂದಿತ್ತು. ಹೀಟ್ ಪ್ರೆಸ್ ಎನ್ನುತ್ತಾರೆ. ಇಸ್ತ್ರಿಪೆಟ್ಟಿಗೆಯ ಅಣ್ಣನಂತಿದೆ. ಮೂತಿ ಇಲ್ಲ, ಮುಖವೆಲ್ಲ ಚಪ್ಪಟೆ, ಭಾರ. ಪ್ಲಗ್ ಹಾಕಿದರೆ ಕೆಂಪು ದೀಪ ಹೊತ್ತಿ, ಅಂಕಿಗಳು ನೂರು, ನೂರಿಪ್ಪತ್ತು ಎಂದು ತಾವಾಗಿ ಏರುತ್ತ ಹೋಗುತ್ತವೆ. ಎಲ್ಲಿ ನಿಲ್ಲುತ್ತವೋ ಎಂದು ನೋಡುತ್ತ ನಿಂತರೆ ಅದು ಇದ್ದಕ್ಕಿದ್ದಂತೆ ಕೀಂ ಎಂದು ಚೀರುತ್ತದೆ. ಮೊದಲ ಸಲ ಅದು ಚೀರಿದಾಗ ನಾನೂ ಚೀರಿದೆ. ಎರಡನೆಯ ಸಲ ಅದು ಚೀರುವುದಕ್ಕೂ ಎಸಿ ಚಾಲೂ ಆಗುವುದಕ್ಕೂ ಸರಿಹೋಗಿ ಇಡೀ ಮನೆಯ ಕರೆಂಟು ಟಪ್ಪೆಂದು ಹೋಯಿತು. ಅಂದೇ ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಬೀರುವಿನ ತಲೆಯ ಮೇಲೆ, ಸೂಟ್‌ಕೇಸಿನ ಹಿಂದೆ ಇಟ್ಟುಬಿಟ್ಟೆ. ಅದರ ಅಗತ್ಯ ಏನೆಂದು ಓದಲೂ ಇಲ್ಲ. ಬಣ್ಣ ಒಣಗಿಸುವ ಸಾಧನ ಎಂದು ನಾನೇ ತೀರ್ಮಾನಿಸಿದೆ. ಒಣಗಿಸುವುದಕ್ಕೆ ಒಮಾನಿನಲ್ಲಿ ಕರೆಂಟು ಸುಡುವವರು ಯಾರು? ನಂಜನಗೂಡಿನ ನಮ್ಮ ಅತ್ತೆ ಸೆರಗು ತಲೆಗೆ ಹೊದ್ದು, ಕೈಯಲ್ಲಿ ಕೋಲು ಹಿಡಿದು, ಕಾಗೆ ಕಾಯುತ್ತ ಮೂರು ದಿನ ಒಣಗಿಸುತ್ತಿದ್ದ ಅರಳು ಸಂಡಿಗೆಯನ್ನು ನಾನು ಸೊಹಾರಿನ ತಾರಸಿಯಲ್ಲಿ ಬೆಳಗ್ಗೆ ಇಟ್ಟು ಸಂಜೆಗೆ ಡಬ್ಬಕ್ಕೆ ತುಂಬಿದವಳು. ಈ ಬಿಸಿಲಿಗೆ ಒಣಗದೆ ಇರುವುದು ಏನಿದೆ?

ಹೀಗಿರುವಾಗ ನಮ್ಮ ಕನ್ನಡ ಕುಟುಂಬಗಳ ವಾರ್ಷಿಕ ಪಿಕ್ನಿಕ್ಕು ಗೊತ್ತಾಯಿತು. ನಮ್ಮ ಕೂಟ ಎಂದರೆ ದೊಡ್ಡದೇನಲ್ಲ. ಮೈಸೂರು ಬೆಂಗಳೂರು ಕಡೆಯ ಕೆಲವು ಮನೆಗಳು, ಕರಾವಳಿಯ ತುಳು ಮಾತಾಡುವ ಕೆಲವು ಮನೆಗಳು. ಕೂಟದ ಯಜಮಾನಿಕೆ ಮುಲ್ಕಿಯ ಸುನಂದಕ್ಕನದು. ಅವರು ಯಾವ ಪದಾಧಿಕಾರಿಯೂ ಅಲ್ಲ, ಆದರೆ ಅವರು ಮಾತಾಡಿದ ಮೇಲೆ ಪದಾಧಿಕಾರಿಗಳು ಹೂಂ ಎನ್ನುವ ಪದ್ಧತಿ. ಈ ಸಲ ಎಲ್ಲರಿಗೂ ಒಂದೇ ರೀತಿಯ ಟೀ ಶರ್ಟ್ ಎಂದು ಅವರ ಅಪ್ಪಣೆಯಾಯಿತು. "ಹೊರಗೆ ಯಾಕೆ ಕೊಡುದು? ನಮ್ಮ ಗೀತನ ಹತ್ರ ಮಿಶಿನ್ ಉಂಟಲ್ಲ. ಅವ್ರು ಮಾಡ್ತಾರೆ ಬಿಡಿ" ಎಂದರು. ಇಲ್ಲ ಎನ್ನಲು ನನಗೆ ಹೆದರಿಕೆ. ಹೂಂ ಎಂದ ಮೇಲೆ ಹೂಂ ಎಂದೆನಲ್ಲ ಎಂದು ಹೆದರಿಕೆ. ಫ್ಯಾಮಿಲಿ ವೀಸಾದ ಮೇಲೆ ಇರುವವಳು ಮನೆಯಲ್ಲಿ ಕಾರ್ಖಾನೆ ಇಟ್ಟಳೆಂದು ಯಾರಾದರೂ ಹೇಳಿದರೆ? "ಮಾರಾಟ ಮಾಡ್ತಿಲ್ವಲ್ಲೇ, ನಮ್ಮನಮ್ಮೋರಿಗೆ ಮಾಡಿಕೊಡೋದು. ಹಪ್ಪಳ ಮಾಡಿ ಹಂಚೋದಿಲ್ವಾ, ಹಂಗೆ" ಎಂದು ಇವರು ಸಮಾಧಾನ ಹೇಳಿದರು. ಹಪ್ಪಳದ ಉಪಮೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಚಿತ್ರ ಯಾವುದು ಎಂದು ಫೋನಿನ ಗುಂಪಿನಲ್ಲಿ ವಾರವಿಡೀ ಜಗಳ. ಕರಾವಳಿಯವರಿಗೆ ದೋಣಿ ಬೇಕು, ಮೈಸೂರಿನವರಿಗೆ ಆನೆ ಬೇಕು, ಯಾರೋ ಒಬ್ಬರಿಗೆ ದೋಣಿಯಲ್ಲಿ ಕೂತ ಆನೆ ಆದೀತು. ಕಡೆಗೆ ನಾನೇ ಒಂದು ಮರ ಬರೆದು, ಕೆಳಗೆ "ಸೊಹಾರಿನ ಕನ್ನಡದವರು" ಎಂದು ಹಾಕಿದೆ. ಕರಾವಳಿಯವರು ಅದನ್ನು ತೆಂಗಿನ ಮರವೆಂದು ಒಪ್ಪಿದರು. ನಾನು ಬರೆದದ್ದು ಖರ್ಜೂರದ ಮರ. ಪೊರಕೆ ಚೆನ್ನಾಗಿ ಬಂದಿದೆ ಎಂದರು ನನ್ನ ಗಂಡ. ಬಣ್ಣ ಕೆಂಪು; ಕೆಂಪಿನ ಡಬ್ಬಿಯೇ ದೊಡ್ಡದಿತ್ತು. ಸುನಂದಕ್ಕ ಬಜಾರಿನಿಂದ ಬಿಳಿ ಟೀ ಶರ್ಟುಗಳ ಮೂಟೆ ಕಳಿಸಿಕೊಟ್ಟರು. ನಾನು ಬೆಳಗಿನ ಕೆಲಸ ಮುಗಿಸಿ, ಊಟದ ಮೇಜಿಗೆ ಹಳೆ ದುಪಟಿ ಹಾಸಿ, ದಿನಕ್ಕೆ ಇಷ್ಟೆಂದು ಎಳೆಯುತ್ತ ಹೋದೆ. ಎಳೆದದ್ದನ್ನು ತಾರಸಿಗೆ ಒಯ್ದು ಹಗ್ಗಕ್ಕೆ ಸಿಕ್ಕಿಸುವುದು. ಬೆರಳಿನಿಂದ ಮುಟ್ಟಿದರೆ ಗರಿಗರಿ. ಕಾಗೆ ಕಾಯುವ ಕೆಲಸವೂ ಇಲ್ಲ.

ತಾರಸಿಗೆ ಒಂದು ದಿನ ನಮ್ಮ ಮನೆಯ ಮಾಲೀಕರು ಬಂದರು. ಅಬೂ ಯಾಕೂಬ್ ಎಂದು ಎಲ್ಲರೂ ಕರೆಯುತ್ತಾರೆ, ನಾನು ಬಾಬಾ ಎನ್ನುತ್ತೇನೆ. ಎಪ್ಪತ್ತು ದಾಟಿದ ಒಮಾನಿ ಹಿರಿಯರು, ಕೆಳಗಿನ ಮನೆಯಲ್ಲೇ ಇದ್ದಾರೆ. ಹಿಂದಿ ಚೆನ್ನಾಗಿ ಮಾತಾಡುತ್ತಾರೆ, ನನಗಿಂತ ಚೆನ್ನಾಗಿ ಎಂದರೂ ಸರಿಯೇ. ಅವರ ಬಿಳಿಯ ನಿಲುವಂಗಿ, ಇಲ್ಲಿನವರು ದಿಶ್ದಾಶಾ ಎನ್ನುವುದು, ಯಾವಾಗ ನೋಡಿದರೂ ಆಗಷ್ಟೇ ಹಾಲಿನಲ್ಲಿ ಅದ್ದಿದಂತೆ. ನಮ್ಮ ಪಿಕ್ನಿಕ್ಕಿಗೆ ಸುವೈಕ್‌ನಲ್ಲಿರುವ ತಮ್ಮ ತೋಟ ಬಿಟ್ಟುಕೊಟ್ಟವರೂ ಅವರೇ. ಅಂದು ನೀರಿನ ಟ್ಯಾಂಕು ನೋಡಲು ಹತ್ತಿ ಬಂದವರು, ಹಗ್ಗದ ತುಂಬ ಕೆಂಪು ಮರಗಳು ಗಾಳಿಗೆ ಓಲಾಡುವುದನ್ನು ಕಂಡು ನಿಂತರು. "ಮಾಶಾ ಅಲ್ಲಾ! ಏ ಕ್ಯಾ, ದುಕಾನ್ ಖೋಲಾ?" ಎಂದರು. ಅಂಗಡಿ ತೆರೆದೆಯಾ ಎಂದು. ನಹೀ ಬಾಬಾ, ಪಿಕ್ನಿಕ್, ಪಿಕ್ನಿಕ್ ಎಂದು ತೊದಲಿದೆ. ಅವರು ಹತ್ತಿರ ಬಂದು, ಮರವನ್ನು ನೋಡಿ, "ನಖಲ್!" ಎಂದರು. ಖರ್ಜೂರದ ಮರ. ಗುರುತಿಸಿದವರು ಅವರೊಬ್ಬರೇ. ಆ ಖುಷಿಗೆ ಎಲ್ಲಕ್ಕಿಂತ ದೊಡ್ಡ ಅಳತೆಯ ಒಂದನ್ನು ತೆಗೆದು ಅವರ ಕೈಗೆ ಕೊಟ್ಟುಬಿಟ್ಟೆ. ಅವರು ಅದನ್ನು ದಿಶ್ದಾಶಾದ ಮೇಲೆ ಹಿಡಿದು ನೋಡಿಕೊಂಡು, ನಗುತ್ತ ಇಳಿದು ಹೋದರು.

ಗುರುವಾರ ಸಂಜೆ ಟೀ ಶರ್ಟುಗಳೆಲ್ಲ ಮನೆಮನೆಗೆ ತಲುಪಿದವು. ಎಲ್ಲರೂ ಫೋಟೋ ಹಾಕಿ ಹೊಗಳಿದರು. ಅಂದು ನಾನು ಗ್ಯಾಸ್ ನೋಡಲು ಒಂದೇ ಸಲ ಎದ್ದೆ. ಅಷ್ಟು ನೆಮ್ಮದಿ.

ಶುಕ್ರವಾರ ಬೆಳಗ್ಗೆ ಹೊರಡುವ ಗಡಿಬಿಡಿ. ಚಿತ್ರಾನ್ನದ ಪಾತ್ರೆಗಳು ಕಾರಿಗೆ ಇಳಿದಾಗಿತ್ತು. ಹೊಸ ಬಟ್ಟೆ ಹಾಕಿಕೊಳ್ಳುವ ಮುಂಚೆ ಅದಕ್ಕೆ ಒಂದು ಚೂರು ಅರಿಶಿನ ಮುಟ್ಟಿಸುವುದು ನಮ್ಮ ಮನೆಯ ಪದ್ಧತಿ. ಮೇಘನಾಳದು ಇದಕ್ಕೆ "ಅಮ್ಮಾ, ಪ್ಲೀಸ್, ನಾಟ್ ಆನ್ ವೈಟ್" ಎಂದು ಯಾವಾಗಲೂ ತಕರಾರು. ಕಾಣದ ಹಾಗೆ ಚಿತ್ರದ ಅಂಚಿನಲ್ಲಿ ಹಚ್ಚುತ್ತೇನೆ ಎಂದು ಒಪ್ಪಿಸಿ, ಬೆರಳು ನೀರಿಗೆ ಅದ್ದಿ, ಅರಿಶಿನಕ್ಕೆ ಮುಟ್ಟಿಸಿ, ಮರದ ಬುಡದಲ್ಲಿ ಒಮ್ಮೆ ಸವರಿದೆ. ಬೆರಳು ಹಳದಿಯಾಗಿ ಹೋದದ್ದು ಕೆಂಪಾಗಿ ಬಂತು. ನನಗೆ ಮೊದಲು ಬೆರಳು ಕುಯ್ದುಕೊಂಡೆ ಎಂದೇ ಅನ್ನಿಸಿತು, ಹಾಗೆಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ನೋಡಿದರೆ ಮರಕ್ಕೆ ಬುಡವೇ ಇಲ್ಲ. ಅದು ನನ್ನ ಬೆರಳಿನ ಮೇಲಿದೆ.

ಇವರು ಕೆಳಗಿನಿಂದ ಹಾರ್ನ್ ಬಾರಿಸುತ್ತಿದ್ದರು. ನಾನು ಡ್ರಾಯರಿನಿಂದ ಯಂತ್ರದ ಕೈಪಿಡಿ ಕಿತ್ತು ತೆಗೆದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ, ಮಕ್ಕಳಿಗೂ ತಿಳಿಯುವಂತೆ ಬರೆದಿತ್ತು: ಬಣ್ಣ ಒಣಗಿದರೆ ಸಾಲದು. ಒಣಗಿದ ಮೇಲೆ ಬಿಸಿ ಪ್ರೆಸ್ಸಿನಿಂದ ಒತ್ತಿ ಅದನ್ನು ಬೇಯಿಸಬೇಕು. ಬೇಯದ ಬಣ್ಣ ನೀರು ತಗುಲಿದರೆ ಬಿಡುತ್ತದೆ. ನಾನು ಸಂಡಿಗೆಯನ್ನು ಒಣಗಿಸಿ, ಕರಿಯದೆಯೇ ಊರಿಗೆಲ್ಲ ಬಡಿಸಿದ್ದೆ.

ಬೀರುವಿನ ಮೇಲಿಂದ ಆ ಪ್ರೆಸ್ಸನ್ನು ಇಳಿಸಿ, ಟವೆಲಿನ ಸಮೇತ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತೆ. ಇವರಿಗೆ ವಿಷಯ ಹೇಳಿದೆ. ಇವರು "ಅಕ್ಟೋಬರ್ ಅಲ್ವಾ, ಬಿಸಿಲು ಸೋತಿದೆ. ಜೂನಲ್ಲಿ ಮಾಡಿದ್ರೆ ಬೆಂದಿರೋದೇನೋ" ಎಂದರು. ಎಂಜಿನಿಯರುಗಳು ಸಾಂತ್ವನ ಹೇಳುವ ರೀತಿ ಇದು. ಆಮೇಲೆ, "ಹೋಗ್ಲಿ ಬಿಡು, ನೀರು ತಾಗದಿದ್ರೆ ಆಯ್ತು" ಎಂದರು. ಹಿಂದಿನ ಸೀಟಿನಿಂದ ಮೇಘನಾ ಹೇಳಿದಳು: "ಅಪ್ಪಾ, ದೇರ್ ಈಸ್ ಎ ಪೂಲ್."

ಹೌದು, ತೋಟದಲ್ಲಿ ಈಜುಕೊಳವಿತ್ತು. ಪಿಕ್ನಿಕ್ಕಿಗೆ ಆ ತೋಟ ಆರಿಸಿದ್ದೇ ಅದಕ್ಕಾಗಿ. ಇವರು ಇನ್ನೊಂದು ಮಾತು ಹೇಳಿದರು. "ಅಬೂ ಯಾಕೂಬ್ ನಿನ್ನೆ ಫೋನ್ ಮಾಡಿದ್ರು. ನಮ್ಮ ತೋಟದಲ್ಲಿ ಒಂದೇ ಕಟ್ಟುಪಾಡು, ಕೊಳಕ್ಕೆ ಇಳಿಯೋರು ಗಂಡಸರಾಗಲಿ ಮಕ್ಕಳಾಗಲಿ ಮೈತುಂಬ ಬಟ್ಟೆ ಹಾಕ್ಕೊಂಡೇ ಇಳೀಬೇಕು ಅಂದ್ರು. ನಾನು, ಯೋಚನೆ ಮಾಡ್ಬೇಡಿ, ಎಲ್ರಿಗೂ ಟೀ ಶರ್ಟ್ ಇದೆ ಅಂದೆ." ಕೊಳಕ್ಕೆ ಹೊಸ ನೀರು ಬಿಟ್ಟಿದ್ದಾರಂತೆ. ಅದೇ ನೀರು ಆಮೇಲೆ ಕಾಲುವೆಯಲ್ಲಿ ಹರಿದು ಖರ್ಜೂರದ ಮರಗಳಿಗೂ ಮೇಕೆಗಳ ಮೇವಿನ ಗದ್ದೆಗೂ ಹೋಗುವುದಂತೆ. ಮುಂದಿನ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಕೆಂಪು ಕೊಳ, ಕೆಂಪು ಕಾಲುವೆ, ಕೆಂಪು ಗಡ್ಡದ ಮೇಕೆಗಳು. ಕಡೆಯಲ್ಲಿ ಅಬೂ ಯಾಕೂಬರು ಬಂದು, ಏನೂ ಬಯ್ಯದೆ, ಮನೆಯ ಬೀಗದ ಕೈಗಾಗಿ ಕೈ ಚಾಚಿದ ಹಾಗೆ. ಹನ್ನೆರಡು ವರ್ಷ ಆ ಮನೆಯಲ್ಲಿ ಇದ್ದೇವೆ. ಮೇಘನಾ ಮಾತು ಕಲಿತದ್ದು ಅಲ್ಲಿ. ಮಳೆ ಬಂದು ರಸ್ತೆಯೆಲ್ಲ ನೀರಾದ ವರ್ಷ ಮೇಲಕ್ಕೆ ಅನ್ನ, ಮೀನು ಬೇಡ ಎಂದಿದ್ದಕ್ಕೆ ಬರೀ ಅನ್ನ, ಕಳಿಸಿದ ಮನುಷ್ಯ ಅವರು. ಕ್ಯಾಮೆರಾ ಒಂದು ಮಿಂಚಿ ಹೋಯಿತು, ನಾನು ಉಸಿರು ಕೂಡ ಹಿಡಿಯಲಿಲ್ಲ.

ತೋಟ ಮುಟ್ಟಿದಾಗ ಎಲ್ಲರೂ ನಮಗಿಂತ ಮುಂಚೆ ಬಂದಿದ್ದರು, ಎಲ್ಲರ ಎದೆಯ ಮೇಲೂ ನನ್ನ ಮರ. ಮಕ್ಕಳು ಕೊಳದ ಸುತ್ತ ಸುತ್ತುತ್ತಿದ್ದರು. ನಾನು ಮೊದಲು ಓಡಿದ್ದು ಅಲ್ಲಿಗೇ. "ಊಟ ಆಗೋವರ್ಗೂ ಯಾರೂ ಇಳಿಯೋ ಹಾಗಿಲ್ಲ" ಎಂದೆ. "ವೈ ಆಂಟಿ?" ಎಂದವು. ನೀರು ತಣ್ಣಗಿದೆ ಎಂದೆ. ಮುಟ್ಟಿ ನೋಡಿ, ಇಲ್ಲ ಎಂದವು. ಪಾಚಿ ಇದೆ ಎಂದೆ. ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಕಡೆಗೆ ಹಾವು ನೋಡಿದೆ ಎಂದುಬಿಟ್ಟೆ, ಅದರ ಪರಿಣಾಮವಾಗಿ ಇಡೀ ಮಕ್ಕಳ ಸೈನ್ಯ ಹಾವು ಹುಡುಕಲು ಇನ್ನೂ ಹತ್ತಿರ ಬಂತು. ಆಗ ಸುನಂದಕ್ಕ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. "ಎಂತ ಗೀತಾ? ಬಂದಾಗಿಂದ ನೋಡ್ತಾ ಇದ್ದೇನೆ, ಮುಖ ಎಲ್ಲ ಬೆಳ್ಳಗೆ ಆಗಿದೆ. ಪಿತ್ತವಾ?"

ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಅಳು ಬಂದಿತ್ತು. ಸುನಂದಕ್ಕ ಸೊಂಟಕ್ಕೆ ಕೈಕೊಟ್ಟು ನನ್ನನ್ನು ನೋಡಿದರು. "ನೀವು ಬಿಸಿಲಿಗೆ ಇಟ್ಟದ್ದಾ? ಅದೆಂತ ಹಪ್ಪಳವಾ ಮಾರಾಯ್ತಿ?" ಎಂದು ಇಷ್ಟಿಷ್ಟೇ ನಗಲು ಶುರುಮಾಡಿ, ಬಾಗಿಲು ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಅಳುದು ಬೇಡ. ಪ್ರೆಸ್ಸು ತಂದಿದ್ದೀರಲ್ಲ? ಪ್ಲಗ್ ಅಲ್ಲುಂಟು" ಎಂದು ಹೊರಗೆ ಹೋಗಿ ಕೈ ತಟ್ಟಿದರು. "ಹೋಯ್, ಕೇಳಿ ಎಲ್ಲರೂ! ಗ್ರೂಪ್ ಫೋಟೋ ಉಂಟು. ನಿಮ್ಮ ಶರ್ಟೆಲ್ಲ ಎಮ್ಮೆ ಅಗಿದ ಹಾಗೆ ಆಗಿದೆ. ಇಸ್ತ್ರಿ ಆಗದವರಿಗೆ ಊಟ ಇಲ್ಲ, ನೀರಿಗೆ ಇಳಿಯುದೂ ಇಲ್ಲ. ಮಕ್ಕಳದ್ದು ಮೊದಲು. ಬೇಗ ಬೇಗ ಬಿಚ್ಚಿ, ಯಲ್ಲಾ!"

ಈ ಜಗತ್ತಿನಲ್ಲಿ ನಾನು ಅತಿ ಹೆಚ್ಚು ಹೆದರುವ ವಸ್ತುವಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದು, ತೋಟದ ಅಡುಗೆಮನೆಯ ಕಟ್ಟೆಯ ಮೇಲೆ ಒಂದೊಂದೇ ಮರವನ್ನು ಬೇಯಿಸಿದೆ. ಮೇಲೆ ಬೇಕಿಂಗ್ ಕಾಗದ, ಅದರ ಮೇಲೆ ಪ್ರೆಸ್ಸು, ಅದರ ಮೇಲೆ ನನ್ನ ಪೂರ್ತಿ ಭಾರ. ಅದು ಕೀಂ ಎಂದಾಗಲೆಲ್ಲ ಎದೆ ಹಾರುತ್ತಿತ್ತು, ಹಾರಿದ ಎದೆ ಕೆಳಗಿಳಿಯುವ ಮುಂಚೆ ಸುನಂದಕ್ಕ ಮುಂದಿನದನ್ನು ಹಾಸುತ್ತಿದ್ದರು. ಪ್ರತಿಯೊಂದನ್ನೂ ಒತ್ತಿ ತೆಗೆದ ಮೇಲೆ ಒದ್ದೆ ಬೆರಳಿನಿಂದ ಉಜ್ಜಿ ನೋಡುವುದು ನನ್ನ ಕೆಲಸ, "ಸಾಕು, ಚರ್ಮ ಹೋದೀತು" ಎನ್ನುವುದು ಅವರ ಕೆಲಸ. ಅತ್ತ ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳು ಕೂರುವ ದೊಡ್ಡ ಕೋಣೆಯಲ್ಲಿ, ಕಾರ್ಖಾನೆಯ ಮ್ಯಾನೇಜರುಗಳು, ಬ್ಯಾಂಕಿನವರು, ಹಡಗುಕಟ್ಟೆಯ ಅಧಿಕಾರಿಗಳು ಎಲ್ಲ ಬನಿಯನ್ನಿನಲ್ಲಿ ಗೋಡೆಗೆ ಒರಗಿ, ಚೌಲ್ಟ್ರಿಯಲ್ಲಿ ಎರಡನೇ ಪಂಕ್ತಿಗೆ ಕಾದವರಂತೆ ಕೂತಿದ್ದರು. ಹೆಂಗಸರು ಒಳಕೋಣೆಯಲ್ಲಿ ವೇಲು ಹೊದ್ದು ಕಾಯುತ್ತಿದ್ದರು. ನಡುವೆ ಒಮ್ಮೆ ಟಪ್ಪೆಂದು ಕರೆಂಟು ಹೋಯಿತು. ಮಜ್ಲಿಸಿನಿಂದ ಹೋ ಎಂಬ ಕೂಗು. ನನ್ನ ಗಂಡ ಬನಿಯನ್ನಿನಲ್ಲೇ ಬಂದು, ಎಸಿ ಆರಿಸಿ, ಸ್ವಿಚ್ಚು ಎತ್ತಿ, "ನಡೀಲಿ ನಡೀಲಿ" ಎಂದು ಹೋದರು. ಮೇಘನಾಳ ಬುಡವಿಲ್ಲದ ಮರವೂ ಬೆಂದಿತು. ಅರಿಶಿನದ ಕಲೆಯೂ ಜೊತೆಗೆ ಬೆಂದು ಗಟ್ಟಿಯಾಯಿತು. ಅದು ಇವತ್ತಿಗೂ ಹೋಗಿಲ್ಲ.

ಕಡೆಯ ಶರ್ಟು ಮುಗಿದಾಗ ಮೈಯೆಲ್ಲ ಬೆವರು. ಹೊರಗೆ ಮಕ್ಕಳು ದುಡುಂ ದುಡುಂ ಎಂದು ನೀರಿಗೆ ಹಾರುವ ಸದ್ದು. ನಾನು ಬಾಗಿಲಿಗೆ ಬಂದು ಕೊಳವನ್ನು ನೋಡಿದೆ. ನೀರು ನೀಲಿಯಾಗಿಯೇ ಇತ್ತು. ಎಷ್ಟೋ ಮರಗಳು ನೀರಿನಲ್ಲಿ ಮುಳುಗಿ ಏಳುತ್ತಿದ್ದವು, ಒಂದೂ ಬಿಡಲಿಲ್ಲ. "ಆಯ್ತಲ್ಲ? ಇನ್ನು ಯಾರಿಗೂ ಹೇಳ್ಬೇಡಿ, ಸತ್ತರೂ ಹೇಳ್ಬೇಡಿ" ಎಂದು ಸುನಂದಕ್ಕ ಚಿತ್ರಾನ್ನದ ಕಡೆ ನಡೆದರು. ಹೆದರುವುದಕ್ಕೆ ಏನೂ ಉಳಿದಿರಲಿಲ್ಲ. ನನ್ನ ಪಂಗಡದವರಿಗೆ ಅಷ್ಟು ಸಾಕು. ನನಗೆ ಗಾಬರಿ ಶುರುವಾಯಿತು. ಏನನ್ನೋ ಮರೆತಿದ್ದೇನೆ ಎನ್ನಿಸಿತು.

ಮರೆತದ್ದು ಆಗಷ್ಟೇ ಗೇಟಿನಿಂದ ಒಳಗೆ ಬರುತ್ತಿತ್ತು. ಅಬೂ ಯಾಕೂಬರು. ಮೈಮೇಲೆ ಹಾಲಿನಂಥ ದಿಶ್ದಾಶಾ, ಅದರ ಮೇಲೆ ನಾನು ಕೊಟ್ಟ ಟೀ ಶರ್ಟ್, ತಲೆಗೆ ಕಸೂತಿಯ ಟೋಪಿ, ಮುಖದ ತುಂಬ ನಗು. ನನ್ನ ತಾರಸಿಯ ಬಿಸಿಲಿನಲ್ಲಿ ಒಣಗಿದ, ಬೇಯದ, ಒಂದೇ ಒಂದು ಮರ. ಅವರು ಎಲ್ಲರಿಗೂ ಸಲಾಂ ಹೇಳುತ್ತ ನೇರವಾಗಿ ಕೊಳದ ಅಂಚಿಗೆ ನಡೆದರು. ಮಕ್ಕಳು "ಬಾಬಾ ಬಾಬಾ" ಎಂದು ಖುಷಿಯಿಂದ ಎರಡೂ ಕೈಯಲ್ಲಿ ನೀರು ತುಂಬಿಕೊಂಡವು. ಅವರೂ ಎರಚಿ ಎರಚಿ ಎನ್ನುವಂತೆ ಎದೆ ಮುಂದೆ ಮಾಡಿ ನಿಂತರು.

ಓಡಿ ಹೋಗಿ ಅವರನ್ನು ಎಳೆಯುವಂತಿಲ್ಲ. ಹಿರಿಯರು, ಮನೆಯ ಮಾಲೀಕರು, ನಾನು ಹೆಂಗಸು. ಕೈಗೆ ಸಿಕ್ಕಿದ್ದು ಊಟಕ್ಕೆ ಹಾಸಲು ಸುತ್ತಿಟ್ಟಿದ್ದ ಪ್ಲಾಸ್ಟಿಕ್ ಚಾಪೆ. ಅದನ್ನು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮದುವೆಯ ಅಂತರಪಟದಂತೆ ಅವರಿಗೂ ಕೊಳಕ್ಕೂ ನಡುವೆ ನಿಂತು ಕೂಗಿದೆ: "ಬಾಬಾ! ಟೀ ಶರ್ಟ್ ಉತಾರೋ! ಜಲ್ದೀ ಉತಾರೋ!"

ಟೀ ಶರ್ಟ್ ಬಿಚ್ಚಿ, ಬೇಗ ಬಿಚ್ಚಿ ಎಂದು. ಮಕ್ಕಳು ಎರಚಿದ ನೀರೆಲ್ಲ ನನ್ನ ಬೆನ್ನಿಗೆ ಬಿತ್ತು. ಮೇಕೆಗಳು ಕೂಡ ಮೇಯುವುದನ್ನು ನಿಲ್ಲಿಸಿದಂತೆ ಕಂಡಿತು. ಚಾಪೆಯ ಮೇಲಂಚಿನಿಂದ ನೋಡಿದರೆ, ನನ್ನ ಗಂಡ ಹಾಳೆತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದರು. ಕಾದ ಕಬ್ಬಿಣದ ಪಕ್ಕ ಕದಲದ ಮನುಷ್ಯನ ತಟ್ಟೆ ಓರೆಯಾಗಿ ಚಿತ್ರಾನ್ನ ನೆಲಕ್ಕೆ ಸುರಿಯುತ್ತಿತ್ತು. ಸುನಂದಕ್ಕ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಅಬೂ ಯಾಕೂಬರ ನಗು ಅರ್ಧಕ್ಕೆ ನಿಂತಿತ್ತು. "ಕ್ಯೂಂ?" ಎಂದರು ಮೆಲ್ಲಗೆ.

ಇನ್ನು ಮುಚ್ಚಿಡಲು ಏನಿದೆ? ಇದ್ದಬದ್ದ ಹಿಂದಿಯನ್ನೆಲ್ಲ ಒಟ್ಟುಮಾಡಿ ಎಲ್ಲರ ಎದುರಿಗೆ ಹೇಳಿದೆ. ಬಣ್ಣ ಕಚ್ಚಾ, ಬಾಬಾ. ಬಿಸಿಲಿಗೆ ಇಟ್ಟೆ, ಬೇಯಿಸಲಿಲ್ಲ. ಮೆಷಿನ್ ಕಂಡರೆ ನನಗೆ ಭಯ. ನೀರು ಬಿದ್ದರೆ ನಿಮ್ಮ ದಿಶ್ದಾಶಾ ಕೆಂಪಾಗುತ್ತದೆ, ನಿಮ್ಮ ಕೊಳ ಕೆಂಪಾಗುತ್ತದೆ, ನಿಮ್ಮ ಮೇಕೆ ಕೆಂಪಾಗುತ್ತದೆ. ಮೇಕೆಯ ವಿಷಯ ಹೇಳಬೇಕಾಗಿರಲಿಲ್ಲವೇನೋ, ಆದರೆ ಬೆಳಗಿನಿಂದ ಕಣ್ಣ ಮುಂದೆ ಇದ್ದದ್ದು ಅದೇ. ಅವರು ತಲೆಬಗ್ಗಿಸಿ ಎದೆಯ ಮೇಲಿನ ಮರವನ್ನು ನೋಡಿಕೊಂಡರು. ಆಮೇಲೆ ನಿಧಾನವಾಗಿ ಟೋಪಿ ತೆಗೆದು ನನ್ನ ಗಂಡನ ಕೈಗೆ ಕೊಟ್ಟರು. ಟೀ ಶರ್ಟನ್ನು ತಲೆಯ ಮೇಲಿಂದ ಎಳೆದು ತೆಗೆದು, ಮಡಿಸಿ, ಚಾಪೆಯ ಮೇಲಿಂದ ನನಗೆ ನೀಡಿದರು. "ಖಲಾಸ್. ಜಾವ್, ಪಕ್ಕಾ ಕರ್‌ಕೇ ಲಾವ್" ಎಂದರು. ಹೋಗಿ ಗಟ್ಟಿ ಮಾಡಿಕೊಂಡು ಬಾ ಎಂದು. ನಾನು ತಿರುಗುವಾಗ ಇವರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಹನ್ನೆರಡು ವರ್ಷದಿಂದ ನಿನ್ನ ಹೆಂಡತಿ ನನ್ನ ಮನೆಯಲ್ಲಿದ್ದಾಳೆ, ನನ್ನನ್ನು ಕಂಡರೆ ಗೋಡೆಗೆ ಅಂಟಿಕೊಂಡು ನಡೆಯುತ್ತಾಳೆ, ಅವಳಿಗೆ ಮಾತು ಬರುತ್ತದೆ ಎಂದು ಇವತ್ತು ಗೊತ್ತಾಯಿತು.

ಆ ಮರವನ್ನು ಎರಡು ಸಲ ಬೇಯಿಸಿದೆ. ಅವರು ಅದನ್ನು ಮತ್ತೆ ದಿಶ್ದಾಶಾದ ಮೇಲೆ ಹಾಕಿಕೊಂಡು, ಕೊಳದ ಅಂಚಿಗೆ ಹೋಗಿ ನಿಂತು, ಮಕ್ಕಳಿಗೆ ಹೂಂ ಎಂದರು. ಮುಡಿಯಿಂದ ಅಡಿಯವರೆಗೆ ತೊಯ್ದು, ಬಿಳಿಗೆ ಬಿಳಿಯಾಗಿಯೇ ಹೊರಬಂದರು. ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ಸುನಂದಕ್ಕ ಮಾತ್ರ ಬಡಿಸುವಾಗ ನನ್ನ ತಟ್ಟೆಗೆ ಹಪ್ಪಳ ಹಾಕಿ, "ಇದು ಕರಿದದ್ದು, ಹೆದರ್ಬೇಡಿ" ಎಂದರು. ಈಗ ನಮ್ಮ ಕೂಟದಲ್ಲಿ ಎಲ್ಲಿ ಹಪ್ಪಳ ಬಡಿಸಿದರೂ ಈ ಮಾತು ಹೇಳಿಯೇ ಬಡಿಸುತ್ತಾರೆ.

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅಬೂ ಯಾಕೂಬರಿಗೆ ಆ ಟೀ ಶರ್ಟ್ ಬಹಳ ಹಿಡಿಸಿಬಿಟ್ಟಿದೆ. ಟ್ಯಾಂಕು ನೋಡಲು ಬಂದರೆ ಅದೇ, ತರಕಾರಿಗೆ ಹೋದರೆ ಅದೇ, ಸಂಜೆ ಬಾಗಿಲ ಮುಂದೆ ಗೆಳೆಯರೊಂದಿಗೆ ಕೂತು ಕಾವಾ ಎಂಬ ಅರಬ್ ಕಾಫಿ ಕುಡಿಯುವಾಗಲೂ ದಿಶ್ದಾಶಾದ ಮೇಲೆ ಅದೇ. ಯಾರಾದರೂ ಕೇಳಿದರೆ ಅವರು ಬೆರಳೆತ್ತಿ ನಮ್ಮ ಕಿಟಕಿ ತೋರಿಸುವುದನ್ನು ಪರದೆಯ ಸಂದಿಯಿಂದ ನಾನೇ ಕಂಡಿದ್ದೇನೆ. ಮೊನ್ನೆ ಅವರ ಇಬ್ಬರು ಗೆಳೆಯರು ಮೇಲೆ ಬಂದು ಬೆಲ್ ಒತ್ತಿದರು. ನಾನು ಮನೆಯಲ್ಲಿ ಇಲ್ಲದವಳಂತೆ ಸೋಫಾದ ಹಿಂದೆ ಕೂತಿದ್ದೆ. ಮಾಡುವುದಿಲ್ಲ ಎಂದು ಬಾಗಿಲು ತೆರೆದು ಹೇಳಬಹುದಿತ್ತು, ನನಗೆ ಮಾತು ಬರುತ್ತದೆ ಎಂದು ಊರಿಗೆಲ್ಲ ಗೊತ್ತಾಗಿದೆ. ಆದರೆ ಮಾತು ಬರಬೇಕಾದರೆ ಎದುರಿಗೆ ಒಂದು ಕೊಳವೂ ಕೈಯಲ್ಲಿ ಒಂದು ಚಾಪೆಯೂ ಬೇಕಾಗುತ್ತದೆ ಎಂದು ಕಾಣುತ್ತದೆ.

ಅವರ ಮನೆಯವರು ಆ ಟೀ ಶರ್ಟನ್ನು ಒಗೆದು ತಾರಸಿಯ ಹಗ್ಗಕ್ಕೇ ಹಾಕುತ್ತಾರೆ, ನನ್ನ ಸಂಡಿಗೆಯ ಪಕ್ಕದಲ್ಲಿ. ಯಾರೂ ಇಲ್ಲದ ಹೊತ್ತು ನೋಡಿ ನಾನು ಬೆರಳು ಒದ್ದೆ ಮಾಡಿಕೊಂಡು ಆ ಮರವನ್ನು ಉಜ್ಜಿ ನೋಡುತ್ತೇನೆ. ಮೊದಮೊದಲು ಬಣ್ಣ ಎಲ್ಲಿ ಬಿಡುತ್ತದೋ ಎಂದು ಉಜ್ಜುತ್ತಿದ್ದೆ. ಈಗ, ಎಷ್ಟು ಒಗೆತ ಕಂಡರೂ ಒಂದಿಷ್ಟೂ ಬಿಡುತ್ತಿಲ್ಲವಲ್ಲ, ಬಿಟ್ಟರೆ ಬೆಲ್ ಒತ್ತುವವರಾದರೂ ಕಡಿಮೆಯಾದಾರು ಎಂದು ಉಜ್ಜುತ್ತೇನೆ. ಇವತ್ತು ಬೆಳಗ್ಗೆ ಸ್ವಲ್ಪ ಜೋರಾಗಿಯೇ ಉಜ್ಜಿದೆ. ಬೆರಳು ಚೊಕ್ಕವಾಗಿಯೇ ಬಂತು.